ಕಾರಿನಲ್ಲೇ ಉಳಿದ ಅವ್ವ

ಎರಡು ನಿಮಿಷ ಬಿಡುವು ಮಾಡಿಕೊಂಡು ಓದಿ... ಮಗುವಿಗೆ ಶಾಲೆ ಹುಡುಕುತ್ತಿರುವವರಂತೂ ಓದಲೇಬೇಕು.

ಹುಬ್ಬಳ್ಳಿಯ ಹೊರಗೆ ಒಂದು ದೊಡ್ಡ ಇಂಟರ್‌ನ್ಯಾಷನಲ್ ಶಾಲೆ. ಈಜುಕೊಳ, ಕುದುರೆ ಸವಾರಿ, ಎಸಿ ಬಸ್ಸು... ಏನುಂಟು ಏನಿಲ್ಲ!

ಆ ಶಾಲೆಯ ಪಾರ್ಕಿಂಗ್‌ನಲ್ಲಿ ನಿಂತ ಕಾರಿನ ಹಿಂದಿನ ಸೀಟಿನಲ್ಲಿ ನೀಲಾ ಒಬ್ಬಳೇ ಕುಳಿತಿದ್ದಳು.

ಒಳಗೆ ಅವಳ ಮಗ ಶ್ರೇಯಾಂಕನ ಎಲ್‌ಕೆಜಿ ಇಂಟರ್‌ವ್ಯೂ ನಡೆಯುತ್ತಿತ್ತು. ಜೊತೆಗೆ ಅವನ ಅಪ್ಪ ಇದ್ದ. ಅಮ್ಮನ ಕುರ್ಚಿಯಲ್ಲಿ ಮಾತ್ರ... ನೀಲಾಳ ವಾರಗಿತ್ತಿ ಸೌಜನ್ಯ ಕುಳಿತಿದ್ದಳು!

ನಗಬೇಡಿ. ಅಪ್ಪ ಅಮ್ಮನ ಇಂಗ್ಲಿಷ್ ನೋಡಿಯೇ ಅಲ್ಲಿ ಸೀಟು ಕೊಡುತ್ತಾರೆ ಎಂದು ಯಾರೋ ನೀಲಾಳ ಗಂಡ ವಿರೂಪಾಕ್ಷನ ತಲೆಗೆ ತುಂಬಿದ್ದರು. ಸ್ಯಾನಿಟರಿ ಸಾಮಾನಿನ ಅಂಗಡಿ ಇಟ್ಟಿದ್ದ ಅವನು ಹೇಗೋ ನಾಲ್ಕು ಮಾತು ಸಂಭಾಳಿಸುತ್ತಿದ್ದ. ನೀಲಾ ಓದಿದ್ದು ನರಗುಂದದ ಕನ್ನಡ ಶಾಲೆಯಲ್ಲಿ. ಇಂಗ್ಲಿಷ್ ಎಂದರೆ ಸಾಕು, ಬಾಯಿ ಕಟ್ಟಿಹೋಗುತ್ತಿತ್ತು.

"ಒಂದ್ ದಿನದ ಮಾತು ನೀಲಾ. ಸೌಜನ್ಯ ಪುಣೆದಾಗ ಓದಿದಾಕಿ, ಪಟಪಟ ಅಂತ ಮಾತಾಡ್ತಾಳ. ನಮ್ಮ ಹುಡುಗನ ಭವಿಷ್ಯ ನೋಡು..." ಎಂದಿದ್ದ ವಿರೂಪಾಕ್ಷ.

ಮಗನ ಭವಿಷ್ಯ ಎಂದ ಮೇಲೆ ಯಾವ ತಾಯಿ ಬೇಡ ಎನ್ನುತ್ತಾಳೆ ಹೇಳಿ?

ಅವಳೇ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಲಿಸಿದಳು... "ಇವತ್ತೊಂದಿನ ಸೌಜನ್ಯ ಕಾಕೂಗ ಮಮ್ಮಿ ಅನ್ನಬೇಕು ನೋಡು, ಜಾಣ." ಹೇಳುವಾಗ ಅವಳ ಕರುಳು ಚುರುಕ್ ಎಂದಿತ್ತು.

ಈಗ ಕಾರಿನಲ್ಲಿ ಕುಳಿತು ಒಂದೇ ಬೇಡಿಕೆ... ನನ್ನಿಂದ ಮಗನ ಸೀಟು ತಪ್ಪಬಾರದು, ದೇವರೇ.

ಅಷ್ಟರಲ್ಲಿ ಸೌಜನ್ಯ ಹೈಹೀಲ್ಡ್ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಓಡೋಡಿ ಬಂದಳು!

"ಅಕ್ಕಾ, ಇಳೀರಿ ಕೆಳಗ!"

"ಯಾಕ? ಏನಾತು? ಸೀಟು...?"

"ಸೀಟು ಸುಡ್ಲಿ ಬಿಡ್ರಿ! ನಾ ಎಲ್ಲಾ ಹೇಳಿಬಿಟ್ಟೆ. ಮೊದಲ ಬರ್ರಿ ನೀವು."

ನೀಲಾ ಕಾರಿನಿಂದ ಇಳಿದಳು. ಆಯಿತು, ಎಲ್ಲ ಮುಗಿಯಿತು ಎಂದುಕೊಂಡಳು.

ನಡೆಯುತ್ತಲೇ ಸೌಜನ್ಯ ಹೇಳಿದಳು... "ಎಲ್ಲಾ ಚಲೋನ ನಡದಿತ್ತು ಅಕ್ಕಾ. ಆಮ್ಯಾಲೆ ಪ್ರಿನ್ಸಿಪಾಲ್ ಮೇಡಂ ಕೇಳಿದ್ರು, ನಿಮ್ಮ ಮಗ ಹೆದರಿದ್ರ ಏನ್ ಮಾಡ್ತಾನ ಅಂತ. ನನಗೇನ್ ಗೊತ್ತು? ಇಂಗ್ಲಿಷ್ ಇತ್ತು... ಉತ್ತರ ಇರಲಿಲ್ಲ. ಪಾಪ, ಅಂವಾ ನನ್ನ ಮಾರಿನ ನೋಡಾಕತ್ತಿದ್ದ. ಎದ್ದು ನಿಂತು ಹೇಳಿದೆ, ನಾ ಇವನ ತಾಯಿ ಅಲ್ರಿ, ತಾಯಿ ಕಾರಿನ್ಯಾಗ ಕುಂತಾರ ಅಂತ."

ಒಳಗೆ ವಿರೂಪಾಕ್ಷ ತಲೆ ತಗ್ಗಿಸಿ ಕುಳಿತಿದ್ದ. ಮಗನ ಮುಂದೆ ಖಾಲಿ ನೀರಿನ ಗ್ಲಾಸುಗಳಿದ್ದವು.

"ತುಂಬಾ ಬಾಯಾರಿಕೆ ಅನ್ಸುತ್ತೆ. ಆಗಿಂದ ನೀರು ಕೇಳ್ತಾನೇ ಇದ್ದಾನೆ," ಎಂದರು ಪ್ರಿನ್ಸಿಪಾಲ್, ಅಚ್ಚ ಕನ್ನಡದಲ್ಲಿ.

ಗ್ಲಾಸು ನೋಡಿದ್ದೇ ತಡ, ನೀಲಾಳಿಗೆ ಭಯ, ಸಂಕೋಚ ಎಲ್ಲ ಮರೆತುಹೋಯಿತು.

"ಬಾಯಾರಿಕಿ ಅಲ್ರಿ ಮೇಡಂ... ಅಂವಾ ಹೆದರಿದ್ರ ನೀರು ಕೇಳ್ತಾನ. ಅಳೂದಿಲ್ಲ, ಹಟ ಮಾಡೂದಿಲ್ಲ. ಕೈಯಾಗ ಸೆರಗು ಕೊಟ್ರ ಸಮಾಧಾನ ಆಗ್ತಾನ."

ಸೆರಗಿನ ತುದಿಯನ್ನು ಮಗನ ಅಂಗೈಯಲ್ಲಿ ಇಟ್ಟಳು. ಅಷ್ಟೇ... "ಅವ್ವಾ" ಎಂದವನೇ ಅಷ್ಟು ಹೊತ್ತು ತಡೆದಿದ್ದ ಅಳುವನ್ನೆಲ್ಲ ಅತ್ತುಬಿಟ್ಟ.

ಪ್ರಿನ್ಸಿಪಾಲ್ ವಿರೂಪಾಕ್ಷನ ಕಡೆ ತಿರುಗಿದರು. "ನೀವು ಮಾಡಿದ್ದು ತಪ್ಪು. ಮಗುವಿನ ಬಾಯಲ್ಲಿ ಸುಳ್ಳು ಹೇಳಿಸಬಾರದಿತ್ತು."

ಆಮೇಲೆ ನೀಲಾಳಿಗೆ ಕುರ್ಚಿ ತೋರಿಸಿದರು. "ಕೂತ್ಕೊಳ್ಳಿ ಅಮ್ಮಾ. ನಾವು ಕೇಳೋದು ಮುಗೀತು. ಈಗ ನೀವು ಕೇಳಿ. ಶಾಲೆ ಆರಿಸೋರು ನೀವಲ್ವಾ?"

ವಿರೂಪಾಕ್ಷ ಮೆಲ್ಲಗೆ ಪಿಸುಗುಟ್ಟಿದ, "ಸ್ವಿಮ್ಮಿಂಗ್ ಪೂಲ್ ಬಗ್ಗೆ ಕೇಳು."

ನೀಲಾ ಮಗನ ತಲೆ ಸವರುತ್ತಾ ಕೇಳಿದಳು...

"ನನ್ನ ಮಗ ಕನ್ನಡದಾಗ ಅತ್ರ... ಇಲ್ಲಿ ಯಾರಿಗರೆ ತಿಳೀತದೇನ್ರಿ?"

ಪ್ರಿನ್ಸಿಪಾಲ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಎಲ್ಲರೂ ಫೀಸು, ಬಸ್ಸು, ರಿಸಲ್ಟು ಕೇಳ್ತಾರೆ. ಇದನ್ನ ಯಾರೂ ಕೇಳಿರಲಿಲ್ಲ. ನಿಜ ಹೇಳ್ತೀನಿ... ನಮ್ಮ ಎಲ್‌ಕೆಜಿ ಟೀಚರ್ ಡೆಹ್ರಾಡೂನ್ ಕಡೆಯವರು, ಕನ್ನಡ ಬರಲ್ಲ. ಜೂನ್‌ನಲ್ಲಿ ನಿಮ್ಮ ಮಗ ಕ್ಲಾಸಿಗೆ ಬರೋದ್ರೊಳಗೆ ನೀವೇ ಅವರಿಗೆ ಕಲಿಸ್ತೀರಾ?"

"ನಾನಾ?!"

ಹೌದು, ಅವಳೇ! ಆ ಬೇಸಿಗೆಯಲ್ಲಿ ಪ್ರತಿ ಶನಿವಾರ ನೀಲಾ ಆ ಶಾಲೆಗೆ ಹೋದಳು, ಟೀಚರಮ್ಮನಿಗೆ ಕನ್ನಡ ಕಲಿಸಲು. ಕಲಿಸುತ್ತಾ ಕಲಿಸುತ್ತಾ ಅವಳಿಗೂ ಒಂದಿಷ್ಟು ಇಂಗ್ಲಿಷ್ ಹತ್ತಿತು.

ಜೂನ್ ಬಂತು. ಶಾಲೆಯ ಮೊದಲ ದಿನ. ಕ್ಲಾಸಿನ ತುಂಬಾ ಮಕ್ಕಳ ಅಳು. ಶ್ರೇಯಾಂಕ ಮಾತ್ರ ಅಳಲಿಲ್ಲ. ಟೀಚರ್ ಹತ್ತಿರ ಹೋಗಿ ಮೆಲ್ಲಗೆ ಹೇಳಿದ, "ವಾಟರ್..."

ಬಾಗಿಲಲ್ಲಿ ನಿಂತಿದ್ದ ನೀಲಾ ಸೆರಗು ಹಿಡಿದು ಒಳಗೆ ಹೆಜ್ಜೆ ಇಡಹೊರಟಳು.

ಟೀಚರ್ ನೀರಿನ ಬಾಟಲಿ ಮುಟ್ಟಲಿಲ್ಲ. ಮೊಣಕಾಲೂರಿ ಕುಳಿತು, ತಮ್ಮ ದುಪಟ್ಟಾದ ತುದಿಯನ್ನು ಅವನ ಕೈಗೆ ಕೊಟ್ಟು, ತೊದಲು ಕನ್ನಡದಲ್ಲಿ ಕೇಳಿದರು...

"ಹೆದರಿಕಿ ಆತೇನು ಪುಟ್ಟಾ? ಬಾ... ನಾನು ಇದೀನಿ."

ನೀಲಾಳಿಗೆ ಕಣ್ಣೀರು ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದ ಸೌಜನ್ಯಳ ಕೈ ಗಟ್ಟಿಯಾಗಿ ಹಿಡಿದುಕೊಂಡಳು. "ಅವತ್ತ ನೀ ಆ ಕುರ್ಚಿ ಬಿಟ್ಟು ಏಳಲಿಲ್ಲ ಅಂದಿದ್ರ... ನಿನ್ನ ಉಪಕಾರ ಹೆಂಗ ಮರೀಲಿ?"

"ಅಯ್ಯ, ಸುಮ್ನಿರ್ರಿ ಅಕ್ಕಾ. ಆ ಕುರ್ಚಿ ನಂದಾಗಿರಲಿಲ್ಲ, ಎದ್ದೆ," ಎಂದ ಸೌಜನ್ಯ ತಾನೂ ಕಣ್ಣೊರೆಸಿಕೊಂಡಳು.

ಹೊರಗೆ ವಿರೂಪಾಕ್ಷ ಕಾರಿನ ಮುಂದಿನ ಬಾಗಿಲು ತೆಗೆದು ಹೆಂಡತಿಗಾಗಿ ಕಾಯುತ್ತಿದ್ದ.

*ಶಾಲೆಯ ಕಟ್ಟಡ ಆಮೇಲೆ ನೋಡಿ... ನಿಮ್ಮ ಮಗು ಅತ್ತರೆ ಅಲ್ಲಿ ಯಾರಿಗೆ ಅರ್ಥವಾಗುತ್ತದೆ ಎಂದು ಮೊದಲು ಕೇಳಿ.*

ಅಂದಹಾಗೆ... ನಿಮ್ಮ ಮಗು ಹೆದರಿದಾಗ ಏನು ಕೇಳುತ್ತದೆ, ನಿಮಗೆ ಗೊತ್ತಾ?