ಅಂಗಳದಲ್ಲಿ ಅಳಿಯ

ಅಳಿಯ ಸೊಂಟದಿಂದ ಪಿಸ್ತೂಲು ತೆಗೆದು ತೊಡೆಯ ಮೇಲಿಟ್ಟುಕೊಂಡಾಗ ಮಾವನ ಕೈಯಲ್ಲಿದ್ದ ನೀರಿನ ಲೋಟ ತುಳುಕಿತು.

“ಗಾಬರಿ ಆಗ್ಬೇಡಿ ಮಾವ, ಲೈಸೆನ್ಸ್ ಇದೆ,” ಎನ್ನುತ್ತ ಅವನು ಲೋಟ ಈಸಿಕೊಂಡ. “ಯಾರ ಕಡೆಗೂ ತಿರುಗಿಸಿಲ್ಲ, ಯಾರನ್ನೂ ಹೆದರಿಸಿಲ್ಲ. ನಿಮ್ಮ ಮಗಳು ಹೊರಟು ಬರ್ಲಿ, ಕರ್ಕೊಂಡು ಹೋಗ್ತೀನಿ. ಅಲ್ಲೀತನಕ ಇಲ್ಲೇ ಕೂತಿರ್ತೀನಿ. ನನಗೇನೂ ಅವಸರ ಇಲ್ಲ.”

ಅಂಗಡಿ, ಬ್ಯಾಂಕುಗಳಿಗೆ ಕಾವಲುಗಾರರನ್ನು ಒದಗಿಸುವ ಕಂಪನಿ ಅವನದು. ಬಂದೂಕಿನ ಕಾನೂನೆಂದರೆ ಅವನಿಗೆ ನೀರು ಕುಡಿದಷ್ಟು ಸಲೀಸು. ಅವನಿಗೆ ಗೇಟು ತೆಗೆದದ್ದು, ಒಳಗಿನಿಂದ ಕುರ್ಚಿ ತಂದು ಹಾಕಿದ್ದು ಎಲ್ಲವೂ ಮಾವನೇ. ಜೀವಮಾನವೆಲ್ಲ ಬಟ್ಟೆಯಂಗಡಿಯಲ್ಲಿ ನಿಂತು ‘ಬನ್ನಿ ಬನ್ನಿ, ಕೂತ್ಕೊಳ್ಳಿ’ ಎಂದೇ ಬದುಕಿದ ಮನುಷ್ಯ ಅವರು. ಕಪಾಟಿನಲ್ಲಿದ್ದುದನ್ನೆಲ್ಲ ಬಿಚ್ಚಿ ಹರವಿಸಿ, ಕೊನೆಗೆ ಒಂದು ಕರವಸ್ತ್ರವನ್ನೂ ಕೊಳ್ಳದೆ ಎದ್ದು ಹೋದವರ ಮೇಲೂ ಮುಖ ಸಿಂಡರಿಸಿದವರಲ್ಲ. ಮಗಳು ನಿನ್ನೆ ಸಂಜೆ ಮಣಿಕಟ್ಟಿನ ಕಂದು ಗುರುತುಗಳನ್ನು ಕುರ್ತಾದ ಉದ್ದ ತೋಳಿನೊಳಗೆ ಮುಚ್ಚಿಕೊಂಡು ಬಂದದ್ದು, ‘ಇನ್ನು ಆ ಮನೆಗೆ ಕಾಲಿಡಲ್ಲ’ ಎಂದದ್ದು ಎಲ್ಲ ಗೊತ್ತಿತ್ತು. ಆದರೂ ಗೇಟಿನ ಸದ್ದಾದ ಕೂಡಲೇ ಬಾಯಿ ತನ್ನಷ್ಟಕ್ಕೆ ತಾನೇ ‘ಬನ್ನಿ ಅಳಿಯಂದಿರೇ’ ಎಂದುಬಿಟ್ಟಿತ್ತು.

ಮಾವ ಒಳಗೆ ಬಂದಾಗ ಹೆಂಡತಿ ಆಗಲೇ ಪೊಲೀಸ್ ಠಾಣೆಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಪರದೆಯ ಸಂದಿಯಿಂದ ಅಂಗಳ ನೋಡುತ್ತಿದ್ದಳು. ಫೋನಿನ ಆ ಕಡೆ ಒಬ್ಬ ಮಹಿಳಾ ಪೇದೆ.

“ಬೆದರಿಕೆ ಏನಾದ್ರೂ ಹಾಕಿದ್ನಾ?”

“ಇಲ್ಲಮ್ಮ, ನಗ್ತಾ ಮಾತಾಡ್ತಿದ್ದಾನೆ. ಅದಕ್ಕೇ ಭಯ.”

“ಒಳಗೆ ಹೇಗೆ ಬಂದ?”

ಆಕೆ ಗಂಡನ ಮುಖ ನೋಡಿದಳು. “ನಮ್ಮನೆಯವರೇ ಕರೆದು ಕೂರಿಸಿದ್ರು.”

ಪೇದೆ ನಿಟ್ಟುಸಿರುಬಿಟ್ಟದ್ದು ಇಡೀ ಕೋಣೆಗೆ ಕೇಳಿಸಿತು. “ನೋಡಿಮ್ಮ, ಅದು ಖಾಸಗಿ ಜಾಗ. ಯಜಮಾನರೇ ಒಳಗೆ ಬಿಟ್ಕೊಂಡ ಮೇಲೆ, ಲೈಸೆನ್ಸ್ ಇರೋನು ಪಿಸ್ತೂಲು ಕಾಣೋ ಹಾಗೆ ಇಟ್ಕೊಂಡು ಕೂತ್ರೂ ಅಷ್ಟಕ್ಕೇ ಅಪರಾಧ ಆಗಲ್ಲ. ಈಗ ಯಜಮಾನರು ಅವನ ಮುಖಕ್ಕೇ ‘ಇಲ್ಲಿಂದ ಹೊರಡು’ ಅಂತ ಬಾಯಿಬಿಟ್ಟು ಹೇಳ್ಬೇಕು. ಹೇಳಿದ ಮೇಲೂ ಕೂತಿದ್ರೆ ಆಗ ಅದು ಅಕ್ರಮ ಪ್ರವೇಶ. ನಾವು ಬಂದು ಎಬ್ಬಿಸ್ತೀವಿ. ಮನೆ ಯಾರ ಹೆಸರಲ್ಲಿದೆ?”

“ಇವರದ್ದೇ ಹೆಸರಲ್ಲಿ.”

“ಹಾಗಾದ್ರೆ ಅವರೇ ಹೇಳ್ಲಿ. ನಾನು ಲೈನಲ್ಲೇ ಇರ್ತೀನಿ.”

ಮಾವ ಹೊರಗೆ ಹೋದರು. ಕುರ್ಚಿಯ ಮುಂದೆ ಕೈಕಟ್ಟಿ ನಿಂತರು, ಏನೋ ಅಂದರು. ಅಳಿಯ ತಲೆಯಾಡಿಸಿದ. ಮಾವ ಮರಳಿ ಬಂದಾಗ ಅಂಗಿಯ ಬೆನ್ನು ಒದ್ದೆಯಾಗಿತ್ತು.

“ಹೇಳಿದ್ರಾ?”

“ಹೇಳೋಕಂತಲೇ ಹೋದೆ ಕಣೇ.”

“ಏನಂದ್ರಿ ಮತ್ತೆ?”

“ಬಿಸಿಲು ಬರ್ತಿದೆ, ಕುರ್ಚಿ ಸ್ವಲ್ಪ ಈಚೆ ಹಾಕ್ಕೊಳ್ಳಿ ಅಂದೆ.”

ಹೆಂಡತಿ ಹಣೆ ಚಚ್ಚಿಕೊಂಡಳು. ಬೇರೆ ದಿನವಾಗಿದ್ದರೆ ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ.

“ನಾಲಿಗೆ ಏಳ್ಲಿಲ್ಲ, ಏನ್ ಮಾಡ್ಲಿ?” ಮಾವನ ದನಿ ಕೀರಲಾಯಿತು. “ಅವನ ಬೆರಳು ನೋಡಿದ್ಯಾ? ಪಿಸ್ತೂಲಿನ ಮೇಲೆ ತಾಳ ಹಾಕ್ತಿದೆ. ಅದೂ ಅಲ್ದೆ, ಮನೆ ಬಾಗಿಲಿಗೆ ಬಂದೋರಿಗೆ ಹೊರಡು ಅನ್ನೋದು ಹೇಗೆ? ನನ್ನ ಜನ್ಮದಲ್ಲೇ ಯಾರಿಗೂ ಹಾಗಂದೋನಲ್ಲ ನಾನು.”

ಕೋಣೆಯ ಬಾಗಿಲಲ್ಲಿ ಮಗಳು ಬ್ಯಾಗು ಹಿಡಿದು ನಿಂತಿದ್ದಳು. “ಬಿಡಮ್ಮ, ನಾನೇ ಹೋಗ್ತೀನಿ. ನನ್ನಿಂದ ನಿಮಗ್ಯಾಕೆ ಇದೆಲ್ಲ?”

“ಈಗ ಹೋದ್ರೆ ನಿನ್ನ ಜೀವಂತ ನೋಡ್ತೀನೋ ಇಲ್ವೋ!” ತಾಯಿ ಬ್ಯಾಗಿಗೆ ಕೈಹಾಕಿ ಜಗ್ಗಿದಳು. ಅಷ್ಟು ಹೊತ್ತೂ ಬಿಗಿದುಕೊಂಡಿದ್ದ ಮಾವನ ಭುಜಗಳು ಸಡಿಲವಾದವು, ಹಿಡಿದಿಟ್ಟ ಉಸಿರು ಹೊರಬಂತು. ಮಗಳ ‘ಹೋಗ್ತೀನಿ’ ಎಂಬ ಮಾತಿಗೆ ತಮಗೆ ಆದ ಸಮಾಧಾನಕ್ಕೆ ತಾವೇ ನಾಚಿ ಅವರು ಮುಖ ತಿರುಗಿಸುವಷ್ಟರಲ್ಲಿ ಮಗಳು ಅದನ್ನು ಕಂಡುಬಿಟ್ಟಿದ್ದಳು. ಅವಳು ಬ್ಯಾಗನ್ನು ನೆಲಕ್ಕಿಟ್ಟಳು.

“ಯಾರಿಗೂ ಅಂದಿಲ್ವಾ ಅಪ್ಪ? ನನಗೆ ಅಂದಿದ್ಯಲ್ಲ. ಹೋದ ವರ್ಷ ನಾನು ಬಂದಾಗ, ಒಳಗೂ ಕರೀದೆ, ಬಾಗಿಲಲ್ಲೇ ನಿಲ್ಲಿಸಿ. ಆವತ್ತು ನಿನ್ನ ನಾಲಿಗೆ ಚೆನ್ನಾಗೇ ಎದ್ದಿತ್ತು. ಅದನ್ನೇ ಅವನಿಗೂ ಹೇಳು.”

ಮಾವ ಮಗಳನ್ನು ನೋಡಲಾರದೆ ನೆಲ ನೋಡುತ್ತ ನಿಂತರು. ಆಮೇಲೆ ಚಪ್ಪಲಿಯನ್ನೂ ಮೆಟ್ಟದೆ ಅಂಗಳಕ್ಕೆ ಇಳಿದರು. ಈ ಸಲ ಕೈಕಟ್ಟಲಿಲ್ಲ. ಅವರು ಎದುರಿಗೆ ಬಂದು ನಿಂತದ್ದೇ ತಾಳ ಹಾಕುತ್ತಿದ್ದ ಬೆರಳು ನಿಂತಿತು. ಅಳಿಯನ ಅಂಗೈ ಪಿಸ್ತೂಲನ್ನು ಪೂರಾ ಮುಚ್ಚಿಕೊಂಡಿತು.

“ಇದು ನಿನ್ನ ಮನೆಯಲ್ಲ,” ಎಂದರು ಮಾವ. ದನಿ ನಡುಗುತ್ತಿತ್ತು, ಆದರೂ ಎದುರುಮನೆಯವರು ಹೊರಗೆ ಬಂದು ನೋಡುವಷ್ಟು ಗಟ್ಟಿಯಾಗಿತ್ತು. “ನಿನ್ನ ಮನೆಗೆ ನೀನು ಹೋಗು. ನಾವು ನಾಲ್ಕು ಜನರ ಮಧ್ಯೆ ಬಾಳ್ಬೇಕು.”

“ಕೇಳಿಸ್ತು,” ಎಂದಳು ಫೋನಿನಲ್ಲಿ ಪೇದೆ. ಹೊರಗೆ ಕುರ್ಚಿ ಕಿರ್ರೆಂದಿತು. ಅಳಿಯ ಎದ್ದು, ಪಿಸ್ತೂಲು ಸೊಂಟಕ್ಕೆ ಸಿಕ್ಕಿಸಿ, ಗೇಟಿನ ಕಡೆಗೆ ತಿರುಗಿದ.

ತಾಯಿ ಅದನ್ನು ನೋಡಲಿಲ್ಲ. ಅವಳು ಪಕ್ಕದಲ್ಲಿ, ಕಿಟಕಿಯ ಸರಳು ಹಿಡಿದು ನಿಂತಿದ್ದ ಮಗಳನ್ನು ನೋಡುತ್ತಿದ್ದಳು. ಅಪ್ಪ ಆಡಿದ ಒಂದೊಂದು ಮಾತಿಗೂ ಮಗಳ ತುಟಿಗಳು ಸದ್ದಿಲ್ಲದೆ ಅಲುಗಿದ್ದವು. ಅವಳಿಗೆ ಅದಷ್ಟೂ ಬಾಯಿಪಾಠವಾಗಿತ್ತು.