ನಾಳಿನ ಪಾಳಿ

ಎದೆ ಯಾವ ದಿನ ಕೈಕೊಡುತ್ತದೆ ಎಂಬುದನ್ನು ಮುಂಗೈಗೆ ಕಟ್ಟಿದ ಪಟ್ಟಿ ಎಲ್ಲರಿಗೂ ಮೊದಲೇ ಹೇಳುತ್ತಿತ್ತು. ಸ್ಟೆಂಟ್ ಹಾಕುವ ದಿನವನ್ನು ಮಾತ್ರ ದವಾಖಾನೆ ಮನೆಯ ವರಮಾನ ನೋಡಿ ಕೊಡುತ್ತಿತ್ತು. ನೀಲವ್ವನ ಗಂಡನ ಪಟ್ಟಿ ಶುಕ್ರವಾರ ಎಂದಿತ್ತು. ದವಾಖಾನೆ ಸೋಮವಾರ ಬಾ ಎಂದಿತ್ತು.

ಬುಧವಾರ ಧಾರವಾಡದ ವತ್ಸಲಾಬಾಯಿಯವರ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ನೀಲವ್ವನಿಗೆ ಇನ್ನು ತಡೆಯಲಾಗಲಿಲ್ಲ.

"ಬಾಯಾರ, ನಿಮ್ಮ ಪಟ್ಟಿ ತಿಂಗಳ ಕೊನಿಗೆ ತೋರಸ್ತೈತಿ. ನಾಳಿನ ನಿಮ್ಮ ಪಾಳಿ ನಮ್ಮನಿಯವರಿಗೆ ಕೊಡ್ರೀ. ನೀವು ಸೋಮವಾರ ಹೋದ್ರೂ ನಡೀತೈತಿ."

ವತ್ಸಲಾಬಾಯಿ ಎದೆಯ ಮೇಲೆ ಕೈಯಿಟ್ಟುಕೊಂಡು ಕುಳಿತರು. ಸೋಮವಾರ ಹೋದರೂ ತಮಗೇನೂ ಆಗುವುದಿಲ್ಲವೆಂದು ಗೊತ್ತಿದ್ದರೂ ಹ್ಞೂಂ ಎನ್ನಲು ಬಾಯಿ ಬರಲಿಲ್ಲ. ಹಂಚಿನ ಮೇಲೆ ರೊಟ್ಟಿ ಸೀಯತೊಡಗಿತು. ಕೊನೆಗೆ ಅವರು ದವಾಖಾನೆಗೆ ಫೋನ್ ಹಚ್ಚಿದರು.

"ಒಂದೇ ಮನೆಯವರಾದರೆ ಮಾತ್ರ ಪಾಳಿ ಬದಲಿಸಬಹುದು," ಎಂದಿತು ಆ ಕಡೆಯ ಹೆಣ್ಣು ದನಿ. "ಅವರು ನಿಮಗೇನಾಗಬೇಕು?"

ನೀಲವ್ವ ಒಲೆ ಆರಿಸಿ ಹತ್ತಿರ ಬಂದಳು.

"ತಮ್ಮ," ಎಂದರು ವತ್ಸಲಾಬಾಯಿ. "ನಮ್ಮ ಮನ್ಯಾಗ ಇರ್ತಾನ."

"ಹೆಸರು?"

ಆರು ವರ್ಷ ನೀಲವ್ವನ ಕೈಯಡುಗೆ ಉಂಡಿದ್ದರೂ ಅವಳ ಗಂಡನ ಹೆಸರನ್ನು ವತ್ಸಲಾಬಾಯಿ ಕೇಳಿಯೇ ಇರಲಿಲ್ಲ. ಗಾಬರಿಯಿಂದ ಅವಳತ್ತ ತಿರುಗಿದರು. ಮದುವೆಯ ದಿನ ಒಡಪಿನ ಪದ್ಯದಲ್ಲಿ ಹೇಳಿದ್ದನ್ನು ಬಿಟ್ಟರೆ ನೀಲವ್ವ ಆ ಹೆಸರನ್ನು ಎಂದೂ ಬಾಯಿಗೆ ತಂದವಳಲ್ಲ. ಈಗ ಹಿಟ್ಟಿನ ಕೈಯಿಂದಲೇ ಬಾಯಾರ ಭುಜ ಹಿಡಿದು, ಕಿವಿಯ ಹತ್ತಿರ ಬಾಗಿ ಹೇಳಿದಳು.

"ದ್ಯಾಮಪ್ಪ," ಎಂದರು ವತ್ಸಲಾಬಾಯಿ ಫೋನಿನಲ್ಲಿ.

"ಆಯಿತು. ನಾಳೆ ಎಂಟಕ್ಕೆ ನಿಮ್ಮ ತಮ್ಮನನ್ನು ಕರೆತನ್ನಿ."