ಚಾಯ್ಸಲ್ಲಿ ಬಿಟ್ಟ ಜಾವಾ

ನಾಳೆ ಆಧುನಿಕ ಏಷ್ಯಾ ಪರೀಕ್ಷೆ. ಇವತ್ತೇ ಬರಬೇಕಿತ್ತಾ ಈ ಹುಡುಗಿ! ಮುನ್ನೂರು ವರ್ಷ ಮುಂದಿನ ಕಾಲೇಜುಗಳಿಂದ ಇತಿಹಾಸದ ಪ್ರಾಕ್ಟಿಕಲ್‌ಗೆ ಬರುವವರನ್ನು ರೂಮಿನಲ್ಲಿ ಕೂರಿಸಿಕೊಳ್ಳಬೇಕೆಂಬುದು ನಮ್ಮ ದಾವಣಗೆರೆ ಹಾಸ್ಟೆಲ್ಲಿನ ನಿಯಮ. ಚಂಪಕ ಅಂತೆ ಇವಳ ಹೆಸರು. ನನ್ನ ಮಂಚದ ಮೇಲೆ ಕೂತು, ನನ್ನದೇ ಮಂಡಕ್ಕಿ ತಿನ್ನುತ್ತಾ, ನಾನು ಓದುವುದನ್ನು ನೋಡುತ್ತಿದ್ದಳು.

"ಅಕ್ಕಾ, ಜಾವಾ ಪಾಠ ಯಾಕೆ ಹಾರಿಸಿದ್ರಿ?"

"ಚಾಯ್ಸಲ್ಲಿ ಬಿಟ್ಟಿದೀನಿ. ಡಚ್ಚರು ಭತ್ತದ ಗದ್ದೆಯಲ್ಲಿ ಬಟ್ಟೆ ಬಣ್ಣಕ್ಕೆ ನೀಲಿ ಗಿಡ ಬೆಳೆಸಿದ್ರಂತೆ, ರೈತರು ಉಪವಾಸ ಬಿದ್ರಂತೆ. ಬರೋದು ಐದೇ ಮಾರ್ಕ್ಸಿಗೆ, ಯಾರು ಓದ್ತಾರೆ?"

"ನಮ್ಮಲ್ಲೂ ಹಾಗೇ ಅಕ್ಕಾ!" ಅವಳಿಗೆ ಖುಷಿಯೋ ಖುಷಿ.

"ಹೌದಾ? ನೀವು ಯಾವ ಪಾಠ ಬಿಡ್ತೀರಿ?"

ಚಂಪಕ ಅಗಿಯುವುದನ್ನು ನಿಲ್ಲಿಸಿದಳು. ನನ್ನ ಟಿಫಿನ್ ಡಬ್ಬಿ, ಕಿಟಕಿಗೆ ಒಣಹಾಕಿದ್ದ ಚೂಡಿದಾರ, ಗೋಡೆಯ ಮೇಲಿನ ಅಮ್ಮನ ಫೋಟೋ, ಎಲ್ಲದರ ಮೇಲೂ ಕಣ್ಣಾಡಿಸಿದಳು.

"ಬೇಜಾರು ಮಾಡ್ಕೋಬೇಡಿ. ನಿಮ್ಮ ಕಾಲಾನೇ. ಪ್ರಾಕ್ಟಿಕಲ್ ಕಡ್ಡಾಯ ಅಂತ ಬಂದೆ, ಅಷ್ಟೆ."

"ನಮ್ಮ ಕಾಲ ಪೂರ್ತಿನಾ?"

"ಐದೇ ಮಾರ್ಕ್ಸು, ಅಕ್ಕಾ."

ಮಂಡಕ್ಕಿ ತಟ್ಟೆಯನ್ನು ಅವಳ ಕೈಯಿಂದ ಕಿತ್ತುಕೊಂಡೆ. ಆಮೇಲೆ ಜಾವಾ ಪಾಠ ತೆಗೆದು, ಅವಳಿಗೂ ಕೇಳುವ ಹಾಗೆ, ಮೊದಲ ಸಾಲಿನಿಂದ ಗಟ್ಟಿಯಾಗಿ ಓದತೊಡಗಿದೆ.